ಒಂದೇ ಸಲ ಕೇಳುವ ಯಂತ್ರ

ನನ್ನನ್ನು ಮನೆಗೆ ಕರೆದವರು ನಡುಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಒಳಗೆ ಹೋಗಬಾರದು. ಕಳ್ಳತನದ ಭಯವಿಲ್ಲ, ಅದಕ್ಕೆ ಬೇಕಾದ ಧೈರ್ಯ ನನಗೆ ದೇವರು ಕೊಟ್ಟಿಲ್ಲ. ಆದರೆ ನೀವು ನೀರು ತರುವಷ್ಟರಲ್ಲಿ ನಿಮ್ಮ ರೇಡಿಯೋದ ಮುಳ್ಳು ಸರಿದಿರುತ್ತದೆ, ಫ್ಯಾನಿನ ವೇಗ ಬದಲಾಗಿರುತ್ತದೆ, ಗೋಡೆಯ ಗಡಿಯಾರ ನನ್ನ ಕೈಗಡಿಯಾರದ ಮಾತು ಕೇಳುವಂತಾಗಿರುತ್ತದೆ. ಮಾಡಿದವನು ಇಟ್ಟ ಹಾಗೆಯೇ ಒಂದು ವಸ್ತು ಇದೆ ಎಂದರೆ ಅದು ನನ್ನ ಕಣ್ಣಿಗೆ ಇನ್ನೂ ಕಾಗದ ಬಿಚ್ಚದ ಸಾಬೂನಿನಂತೆ ಕಾಣುತ್ತದೆ. ಬಿಚ್ಚದೆ ಇರಲಾರೆ.

ಇದು ರಕ್ತದಲ್ಲೇ ಬಂದ ಚಟ. ನನ್ನ ಅಪ್ಪ ವಾಡಿ ಜಂಕ್ಷನ್ನಿನ ಕ್ಯಾಬಿನ್ನಿನಲ್ಲಿ ಲಿವರ್ ಎಳೆದು ಹಳಿ ಕೂಡಿಸುವ ಕೆಲಸದಲ್ಲಿದ್ದರು. ಅವರು ಒಂದು ಲಿವರ್ ಎಳೆದರೆ ಗಾಡಿ ಹೈದರಾಬಾದಿನ ಕಡೆಗೆ, ಇನ್ನೊಂದು ಎಳೆದರೆ ರಾಯಚೂರಿನ ಕಡೆಗೆ. ನೂರಾರು ಮಂದಿ ತಮ್ಮ ಪಾಡಿಗೆ ಕಡ್ಲೆಕಾಯಿ ಸುಲಿಯುತ್ತ ಕೂತಿರುತ್ತಾರೆ, ಅವರೆಲ್ಲ ಎಲ್ಲಿ ಹೋಗಿ ಇಳಿಯಬೇಕು ಎನ್ನುವುದು ಅಪ್ಪನ ರಟ್ಟೆಯಲ್ಲಿ! ಚಿಕ್ಕವಳಿದ್ದಾಗ ಒಮ್ಮೆ ನಾನೂ ಎಳೆಯುತ್ತೇನೆಂದು ಹಟ ಹಿಡಿದೆ. ಅಪ್ಪ ನನ್ನ ಕೈ ಹಿಡಿದು ಹೇಳಿದರು: "ಗಾಡಿ ಬರೂಕಿಂತ ಮೊದ್ಲ ಹಳಿ ಕೂಡಿಸ್ಬೇಕವ್ವ. ಗಾಡಿ ಮ್ಯಾಲ ಬಂದ ಮ್ಯಾಲ ಲಿವರ್ ಮುಟ್ಟಬಾರ್ದು." ಮುಂದೆ ಕಂಪ್ಯೂಟರಿನ ದಪ್ಪ ದಪ್ಪ ಕೈಪಿಡಿಗಳನ್ನು ಓದಿದೆ. ಪ್ರೋಗ್ರಾಮು ಓಡುತ್ತಿರುವಾಗ ಅದರ ಸೆಟ್ಟಿಂಗ್ ಬದಲಿಸಬೇಡಿ ಎನ್ನುವ ಮಾತನ್ನು ಅವು ಅರ್ಧ ಅಧ್ಯಾಯ ಹೇಳುತ್ತವೆ. ಅಪ್ಪನಷ್ಟು ಚೆನ್ನಾಗಿ ಯಾವುದೂ ಹೇಳಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಶಹಾಬಾದಿನಲ್ಲಿ ಹಾಸುಗಲ್ಲು ವ್ಯಾಪಾರಿಗಳ ಸಂಘವೊಂದಿತ್ತು. ಭಂಕೂರ, ಚಿತ್ತಾಪುರ, ಸೇಡಂ ಕಡೆಯ ಖಣಿಗಳ ಕಲ್ಲು ಎಲ್ಲೆಲ್ಲಿಗೋ ಹೋಗುತ್ತಿತ್ತು, ಯಾರಿಗೆ ಯಾವ ಅಳತೆಯ ಕಲ್ಲು ಎನ್ನುವುದು ಮಾತ್ರ ಕಲಸುಮೇಲೋಗರವಾಗುತ್ತಿತ್ತು. ಅದಕ್ಕಾಗಿ ಸಂಘದವರು ಒಂದು ಕಂಪ್ಯೂಟರ್ ತರಿಸಿದರು. ಬಿ.ಎಸ್ಸಿ. ಮುಗಿಸಿ ಗುಲಬರ್ಗಾದಲ್ಲಿ ಆರು ತಿಂಗಳ ಕೋರ್ಸು ಮಾಡಿದ್ದ ನನ್ನನ್ನು ಅದರ ಜೊತೆಗೆ ನೇಮಿಸಿದರು. ಪೆಟ್ಟಿಗೆಯ ಜೊತೆಗೆ ಬಂದ ವೈರಿನ ಹಾಗೆ ನಾನೂ ಒಂದು ಬಿಡಿಭಾಗ. ದಿನಾ ಬೆಳಿಗ್ಗೆ ವಾಡಿಯಲ್ಲಿ ಪ್ಯಾಸೆಂಜರ್ ಹತ್ತುತ್ತಿದ್ದೆ. ನಾಲವಾರದವರು ಮೊದಲೇ ಕಿಟಕಿ ಹಿಡಿದು ಕೂತಿರುತ್ತಿದ್ದರು, ನಾನು ಶಹಾಬಾದಿನವರೆಗೆ ನಿಂತೇ ಹೋಗುತ್ತಿದ್ದೆ. ಆ ನಿಲುವಿನಲ್ಲಿ ಎಂಥ ಸುಖವಿತ್ತು ಅಂತೀರಿ! ನಮ್ಮ ಓಣಿಯಿಂದ ಆಫೀಸಿಗೆ ಹೋಗುವ ಮೊದಲ ಹುಡುಗಿ ನಾನು.

ಆದರೆ ನೇಮಕಾತಿಗೆ ಒಂದು ಗಡುವಿತ್ತು. ದೀಪಾವಳಿ ಅಮಾವಾಸ್ಯೆಯ ಸಭೆಯಲ್ಲಿ ಯಂತ್ರ ಇರಬೇಕೋ ಹೋಗಬೇಕೋ ಎಂದು ತೀರ್ಮಾನ. ಮನೆಯಲ್ಲಿ ಇನ್ನೊಂದು ಗಡುವು. ಚಿಂಚೋಳಿಯಲ್ಲಿದ್ದ ನನ್ನ ಸೋದರತ್ತೆ ಚಂದಾಪುರದ ಒಂದು ಆಫೀಸಿನಲ್ಲಿ ಕೂತಿದ್ದ ವರನನ್ನು ನನಗಾಗಿ ಹುಡುಕಿ, ನೆನೆಹಾಕಿದ ಬೇಳೆಯಂತೆ ಸಿದ್ಧವಾಗಿಟ್ಟಿದ್ದಳು. ಹುಡುಗ ಒಳ್ಳೆಯವನೇ ಇದ್ದಿರಬೇಕು. ಆದರೆ ಮದುವೆಯಾದ ಮೇಲೆ ಸೊಸೆ ಹೊರಗೆ ದುಡಿಯುವ ಮಾತಿಲ್ಲ ಎಂದು ಅವನ ಮನೆಯವರು ಮೊದಲೇ ಹೇಳಿದ್ದರು. ಅಪ್ಪ ಅತ್ತೆಗೆ ಒಂದೇ ಮಾತು ಹೇಳಿ ಬಾಯಿ ಮುಚ್ಚಿಸಿದ್ದರು: "ಆ ಮಷೀನು ಇರೋತನಕ ಈ ಮಾತು ಬ್ಯಾಡ." ಹೀಗಾಗಿ ಯಂತ್ರ ಉಳಿದರೆ ನಾನು ಉಳಿದೆ, ಅದು ಹೋದರೆ ನಾನು ಚಂದಾಪುರಕ್ಕೆ.

ಇಷ್ಟೆಲ್ಲ ಭಾರ ಹೊತ್ತ ಯಂತ್ರಕ್ಕೆ ಕಿಂಚಿತ್ತೂ ಮರ್ಯಾದೆ ಇರಲಿಲ್ಲ. ಅದಕ್ಕೆ ಒಳಗೆ ಗಡಿಯಾರದ ಬ್ಯಾಟರಿ ಇಲ್ಲದ್ದರಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಯಾವ ತಾರೀಖು ಎಂದು ಕೇಳುತ್ತಿತ್ತು. ಹೇಳದಿದ್ದರೆ ದಶಕದ ಮೊದಲ ದಿನದಲ್ಲೇ ಮತ್ತೆ ಬದುಕಲು ಶುರುಮಾಡುತ್ತಿತ್ತು. ಸಂಘದ ವ್ಯವಸ್ಥಾಪಕರು ಶರಣಪ್ಪನವರು, ಬಿಳಿ ಧೋತರ, ಹಣೆ ತುಂಬ ವಿಭೂತಿ, ಎದುರಿಗೆ ಎಳೆಮಗು ಬಂದರೂ ಬಹುವಚನ. ಅವರು ಮೊದಲ ದಿನ ಕೀಲಿಗಳ ಮೇಲೆ ಒಂದು ಬೆರಳಿಟ್ಟು ಏನೋ ಒತ್ತಿದರು. ಯಂತ್ರ ಇಂಗ್ಲಿಷಿನಲ್ಲಿ ಬ್ಯಾಡ್ ಕಮಾಂಡ್, ಅಂದರೆ ಕೆಟ್ಟ ಆದೇಶ, ಎಂದು ಬರೆಯಿತು. ಶರಣಪ್ಪನವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ಓದಿದರು.

"ಬ್ಯಾಡ್ ಅಂತದಲ್ರೀ ನನಗ! ನಮ್ಮಪ್ಪ ಸುದ್ದಾ ನನಗ ಹಂಗ ಅಂದಿಲ್ರಿ," ಎಂದವರೇ ಕುರ್ಚಿ ಬಿಟ್ಟು ಎದ್ದರು. ಆಮೇಲೆ ಆ ಕೋಣೆಯ ಹತ್ತಿರ ಸುಳಿಯಲಿಲ್ಲ.

ಯಂತ್ರವನ್ನು ಮುಟ್ಟಬೇಕಾದವರೇ ಮುಟ್ಟದಿದ್ದರೆ ದೀಪಾವಳಿಗೆ ನನ್ನ ಗತಿ ಏನು? ಸಂಕಟದ ಜೊತೆಗೆ ನನ್ನ ಬೆರಳುಗಳು ಸಂತೋಷದಿಂದ ತುರಿಸತೊಡಗಿದ್ದನ್ನೂ ಹೇಳಿಬಿಡುತ್ತೇನೆ. ಬದಲಿಸಲು ಕೊನೆಗೂ ಒಂದು ನ್ಯಾಯವಾದ ಕಾರಣ ಸಿಕ್ಕಿತ್ತು.

ಮೊದಲು ಯಂತ್ರದ ಮೂಲ ಫ್ಲಾಪಿಯ ನಕಲು ತೆಗೆದು, ಮೂಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಕಲಿನ ಮೇಲೆ ಎಷ್ಟು ಬೇಕಾದರೂ ಕೋತಿಯಾಟ ಆಡಬಹುದು, ಮೂಲದ ಮೇಲೆ ಆಡಬಾರದು. ಇಡೀ ಶಾಸ್ತ್ರದಲ್ಲಿ ಒಂದೇ ಒಂದು ಬುದ್ಧಿಮಾತು ಇಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಆಮೇಲೆ ಆದೇಶ ಕಾಯುವಾಗ ಯಂತ್ರ ತೋರಿಸುವ ಆ ಒಣ ಬಾಣದ ಗುರುತನ್ನು ತೆಗೆದು "ಹೇಳ್ರಿ" ಎಂದು ಬರುವಂತೆ ಮಾಡಿದೆ. ಅದಕ್ಕೆ ಕನ್ನಡ ಅಕ್ಷರ ಬಾರದು, ಇಂಗ್ಲಿಷ್ ಅಕ್ಷರಗಳಲ್ಲೇ ಶಹಾಬಾದಿನ ಮಾತು. ಇದು ಸುಲಭವಾಯಿತು. ಆ "ಕೆಟ್ಟ ಆದೇಶ" ಮಾತ್ರ ಸಾಫ್ಟ್‌ವೇರಿನ ಹೊಟ್ಟೆಯೊಳಗೇ ಅಚ್ಚಾಗಿ ಕೂತಿತ್ತು. ಅದನ್ನು ಕಿತ್ತು ಬೇರೆ ಮಾತು ಹಾಕಬಹುದು, ಆದರೆ ಹಳೆಯ ಮಾತು ಕೂತಿದ್ದಷ್ಟೇ ಜಾಗದಲ್ಲಿ ಹೊಸದೂ ಕೂರಬೇಕು. ಒಂದು ಅಕ್ಷರ ಹೆಚ್ಚಾದರೂ ಪಕ್ಕದ ಆದೇಶದ ಮೇಲೆ ಕಾಲು ಚಾಚುತ್ತದೆ, ಯಂತ್ರ ಮೂರ್ಛೆ ಹೋಗುತ್ತದೆ. ನಮ್ಮ ಕಡೆಯ ಮರ್ಯಾದೆಯ ಮಾತುಗಳೋ, ಒಂದೊಂದೂ ಮಾರುದ್ದ! ಸ್ವರಗಳನ್ನೆಲ್ಲ ಹಿಚುಕಿ, ಪ್ಯಾಸೆಂಜರ್ ಗಾಡಿಯಲ್ಲಿ ಮಂದಿಯನ್ನು ತುರುಕುವ ಹಾಗೆ ತುರುಕಿ, ಕೊನೆಗೆ ಒಂದು ವಾಕ್ಯ ಕೂರಿಸಿದೆ: "ತಿಳೀಲಿಲ್ರಿ, ಸಿಟ್ಟಾಗಬ್ಯಾಡ್ರಿ."

ಶರಣಪ್ಪನವರನ್ನು ಕೈಕಾಲು ಹಿಡಿದು ಕರೆತಂದೆ. ಅವರು ಬೇಕೆಂದೇ ತಪ್ಪು ಒತ್ತಿದರು. ಯಂತ್ರ ಸಿಟ್ಟಾಗಬ್ಯಾಡ್ರಿ ಎಂದಿತು. ಶರಣಪ್ಪನವರ ಮುಖ ಹೂವಾಯಿತು. "ಇಲ್ರಿ, ಸಿಟ್ಟೆಲ್ಲಿದ್ರಿ, ತಪ್ಪು ನಂದೇ ಅದ," ಎಂದು ಪರದೆಗೇ ಸಮಾಧಾನ ಹೇಳಿದರು.

ಸುದ್ದಿ ಖಣಿಯಿಂದ ಖಣಿಗೆ ಹಬ್ಬಿತು. ವ್ಯಾಪಾರಿಗಳು ಕಲ್ಲಿನ ಕೆಲಸವಿಲ್ಲದಿದ್ದರೂ ಬರತೊಡಗಿದರು, ಬಂದವರಿಗೆಲ್ಲ ತಮ್ಮದೇ ಒಂದು ಬದಲಾವಣೆ ಬೇಕು. ಚಿತ್ತಾಪುರದ ಮಹಬೂಬ್ ಸಾಹೇಬರು ಕೈಯಲ್ಲಿ ಗುಲಾಬಿ ಹಿಡಿದು ಬಂದು, ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ, "ಬಾಯಿ, ನಾ ಬಂದಾಗ ಜರಾ ಆದಾಬ್ ಅನಸ್ರಿ," ಎಂದರು. ಅನಿಸಿದೆ. ಸೇಡಂನ ರೆಡ್ಡಿಯವರಿಗೆ ತೆಲುಗಿನಲ್ಲಿ ದಯಚೇಯಂಡಿ, ದಯಮಾಡಿ ಬನ್ನಿ, ಎಂದು ಬರಮಾಡಿಕೊಳ್ಳಬೇಕಿತ್ತು. ಮಾಡಿದೆ. ಒಬ್ಬರಿಗೆ ಗಂಟೆಯ ಸದ್ದು, ಒಬ್ಬರಿಗೆ ತಮ್ಮ ಮಠದ ಹೆಸರು, ಇನ್ನೊಬ್ಬರಿಗೆ ನಕ್ಷತ್ರಗಳ ಸಾಲು. ಯಂತ್ರ ಎದ್ದ ಕೂಡಲೇ ಓದುವ ಆದೇಶಗಳ ಫೈಲಿನಲ್ಲಿ ಇದನ್ನೆಲ್ಲ ಒಂದರ ಕೆಳಗೊಂದು ಪೋಣಿಸಿ ನಾನು ಸ್ವರ್ಗದಲ್ಲಿದ್ದೆ. ಕೊನೆಗೆ ಏನಾಯಿತೆಂದರೆ, ಗುಂಡಿ ಒತ್ತಿ, ಹೊರಗೆ ಹೋಗಿ, ಚಹಾ ಕುಡಿದು, ಲೋಟ ತೊಳೆದು ಬಂದರೂ ಯಂತ್ರ ಇನ್ನೂ ಯಾರಿಗೋ ನಮಸ್ಕಾರ ಮಾಡುತ್ತಲೇ ಇರುತ್ತಿತ್ತು. ಎಲ್ಲರಿಗೂ ಶರಣು ಹೇಳಿ ಮುಗಿಸುವಷ್ಟರಲ್ಲಿ ಅದರ ನೆನಪಿನ ಶಕ್ತಿ ತುಂಬಿ, ಕಲ್ಲಿನ ಲೆಕ್ಕಕ್ಕೆ ಜಾಗವೇ ಉಳಿಯುತ್ತಿರಲಿಲ್ಲ.

ಆಗ ಕಲಿತೆ. ಸೇರಿಸುವವರು ತೆಗೆಯುವುದನ್ನೂ ಕಲಿಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ ಮೇಲೆ ಯಂತ್ರವನ್ನು ಮಲಗಿಸಿ ಎಬ್ಬಿಸಿ ನೋಡಬೇಕು. ಇಲ್ಲದಿದ್ದರೆ ಕೆಟ್ಟದ್ದು ಯಾವುದರಿಂದ ಎಂದು ಬ್ರಹ್ಮನಿಗೂ ತಿಳಿಯದು. ಪ್ರತಿಯೊಂದು ಸಾಲಿನ ಪಕ್ಕ ಇದನ್ನು ಯಾಕೆ ಹಾಕಿದೆ ಎಂದು ಬರೆದಿಡಬೇಕು. ನನಗೇ ಮರುವಾರ ನನ್ನ ಸಾಲು ನೋಡಿ ಯಾವ ಹುಚ್ಚರು ಬರೆದದ್ದು ಎನ್ನಿಸುತ್ತಿತ್ತು. ನಕ್ಷತ್ರಗಳನ್ನು ಕಿತ್ತೆ, ಗಂಟೆಯನ್ನು ಕಿತ್ತೆ. ಆದಾಬನ್ನು ಕೀಳಲು ಮನಸ್ಸಾಗಲಿಲ್ಲ, ಗುಲಾಬಿ ಇನ್ನೂ ಮೇಜಿನ ಮೇಲಿತ್ತು. ಮೊಟಕು ಮಾಡಿ ಉಳಿಸಿಕೊಂಡೆ.

ದೀಪಾವಳಿಗೆ ಒಂದು ತಿಂಗಳು ಮುಂಚಿನ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಖಣಿಗಳು ಬಂದ್, ಹಾಗಾಗಿ ಸಭೆ ಅಂದೇ. ಅಧ್ಯಕ್ಷರು ಮಲ್ಲಣ್ಣನವರು, ಭಂಕೂರದ ಹಳೆಯ ಖಣಿಯ ಯಜಮಾನರು. ಕಡಿಮೆ ಮಾತು, ದಪ್ಪ ಮೀಸೆ. ಅವರ ಮುಂದೆ ಶರಣಪ್ಪನವರೇ ಒಂದು ಆರ್ಡರು ತುಂಬಿ, ವ್ಯಾಗನ್ನಿಗೆ ಕಳಿಸುವ ಚೀಟಿ ಛಾಪಿಸಿ ತೋರಿಸುವುದು ಎಂದು ನಿಶ್ಚಯವಾಗಿತ್ತು. ನಾನು ಹಿಂದಿನ ದಿನವೇ ಆ ಪ್ರೋಗ್ರಾಮಿಗೂ ಮರ್ಯಾದೆಯ ಅಂಗಿ ತೊಡಿಸಿದ್ದೆ. ಮೊದಲು ಅದು ಇಂಗ್ಲಿಷಿನಲ್ಲಿ ಪ್ರಿಂಟ್, ವೈ ಅಥವಾ ಎನ್, ಎಂದು ಗದರಿಸುತ್ತಿತ್ತು. ಈಗ "ಛಾಪಿಸ್ಲೇನ್ರಿ?" ಎಂದು ವಿನಯವಾಗಿ ಕೇಳುತ್ತಿತ್ತು. ಹೂಂ ಅನ್ನಬೇಕಾದರೆ ವೈ, ಬೇಡ ಅನ್ನಬೇಕಾದರೆ ಎನ್.

ಶರಣಪ್ಪನವರು ಅಂದವಾಗಿ ಅಳತೆ ತುಂಬಿದರು. ಯಂತ್ರ ಛಾಪಿಸ್ಲೇನ್ರಿ ಎಂದಿತು. ಅವರು ಒತ್ತಿದರು. ಪ್ರಿಂಟರು ಸುಮ್ಮನೆ ಕೂತಿತು. ಮತ್ತೆ ತುಂಬಿದರು, ಒತ್ತಿದರು, ಅದು ಮತ್ತೆ ಸುಮ್ಮನೆ. ನಾನು ವೈರು ಅಲುಗಿಸಿದೆ, ಕಾಗದ ಸರಿಸಿದೆ, ಯಂತ್ರದ ಮೇಲೆ ಧೂಳಿಗೆಂದು ನನ್ನವ್ವ ಹೊಲಿದುಕೊಟ್ಟ ಪುಟ್ಟ ಕೌದಿಯನ್ನು ತೆಗೆದು ಝಾಡಿಸಿದೆ. ಚಂದಾಪುರದ ವರ ಕಣ್ಣ ಮುಂದೆ ಬಾಸಿಂಗ ಕಟ್ಟಿಕೊಂಡು ನಿಂತ. ಮಲ್ಲಣ್ಣನವರು, "ದೀಪಾವಳಿಗಿ ನೋಡೂನು," ಎಂದಷ್ಟೇ ಹೇಳಿ ಎದ್ದರು.

ಎಲ್ಲ ಹೋದ ಮೇಲೆ ಶರಣಪ್ಪನವರನ್ನು ಮತ್ತೆ ಕೂರಿಸಿ, ಅವರ ಬೆರಳನ್ನೇ ನೋಡುತ್ತ ನಿಂತೆ. ಛಾಪಿಸ್ಲೇನ್ರಿ ಎಂದು ಬಂದ ಕೂಡಲೇ ಬೆರಳು ಹೋಗಿ ಎನ್ ಒತ್ತಿತು.

"ಅಯ್ಯೋ, ಎನ್ ಅಂದ್ರ ಬ್ಯಾಡ ಅಂತ ಅಲ್ರೀ?"

"ಗೊತ್ತದ್ರಿ."

"ಮತ್ಯಾಕ್ ಒತ್ತಾಕತ್ತೀರಿ?"

ಶರಣಪ್ಪನವರು ನನ್ನನ್ನು ದಂಗಾಗಿ ನೋಡಿದರು. "ಒಮ್ಮಿ ಕೇಳಿದ್ಕ ಹೂಂ ಅಂತಾರೇನ್ರಿ ಯಾರಾದ್ರೂ? ಬ್ಯಾಡ್ರಿ ಅಂದ ಮ್ಯಾಲ ಅದು ಇನ್ನೊಮ್ಮಿ ಕೇಳ್ಬೇಕಿತ್ತು. ಕೇಳಲೇ ಇಲ್ಲ. ಅಧ್ಯಕ್ಷರ ಮುಂದ ಭಾಳ ಅವಮಾನ ಆಯ್ತು ನೋಡ್ರಿ. ಮೊದ್ಲಿನ ಇಂಗ್ಲಿಷೇ ಛೊಲೊ ಇತ್ತು, ಅದಕ್ಕ ಸಂಕೋಚ ಬೇಕಿರ್ಲಿಲ್ಲ."

ನಾನು ಕೌದಿಯನ್ನು ತಲೆಗೆ ಹಾಕಿಕೊಂಡು ನಗತೊಡಗಿದೆ. ಎಂಥ ಸತ್ಯ! ನಮ್ಮ ಕಡೆ ಯಾರ ಮನೆಗೆ ಹೋದರೂ ಚಾ ತರ್ಲೇನ್ರಿ ಎಂದರೆ ಬ್ಯಾಡ್ರಿ, ಈಗಷ್ಟ ಆಗ್ಯಾದ ಎನ್ನುತ್ತೇವೆ. ಆಗಿರುವುದಿಲ್ಲ. ಗಂಟಲು ಒಣಗಿ ಹಾಸುಗಲ್ಲಾಗಿರುತ್ತದೆ. ಹಂಗಂದ್ರ ಹ್ಯಾಂಗ್ರಿ ಎನ್ನುತ್ತಾರೆ. ಇರ್ಲಿ ಬಿಡ್ರಿ ಎನ್ನುತ್ತೇವೆ, ಆದರೆ ಈ ಸಲ ದನಿ ಅರ್ಧ ಇಳಿದಿರುತ್ತದೆ. ಅರ್ಧ ಕಪ್ಪಾದ್ರೂ, ನನ್ನಾಣಿ, ಎನ್ನುತ್ತಾರೆ. ಆಗ ತುಂಬಿದ ಕಪ್ಪು ಬರುತ್ತದೆ. ಮೊದಲನೆಯ ಬ್ಯಾಡ ನಮ್ಮ ಮಾನಕ್ಕೆ, ಎರಡನೆಯದು ಅವರ ಮನಸ್ಸು ಅಳೆಯುವುದಕ್ಕೆ. ಬಾಯಾರಿಕೆಗೂ ಇವಕ್ಕೂ ಸಂಬಂಧವಿಲ್ಲ. ನಿಜಾಮರ ಕಾಲದ ದಫ್ತರಗಳಲ್ಲಿ ಒಂದು ಅರ್ಜಿ ಓದಿಸುವ ಮುಂಚೆ ಅರ್ಧ ಪುಟ ಸಲಾಮು ಇರುತ್ತಿತ್ತಂತೆ. ಆ ಗಾಳಿ ನಮ್ಮ ಚಹಾದಲ್ಲಿ ಇನ್ನೂ ಆಡುತ್ತಿರಬೇಕು. ನಾನು ಯಂತ್ರಕ್ಕೆ ನಮ್ಮ ಮಾತು ಕಲಿಸಿದ್ದೆ, ರಿವಾಜು ಕಲಿಸಿರಲಿಲ್ಲ. ಒಂದೇ ಸಲ ಕೇಳಿ ಸುಮ್ಮನಾಗುವವರನ್ನು ನಮ್ಮಲ್ಲಿ ಯಾರೂ ಎರಡನೆಯ ಸಲ ಮನೆಗೆ ಕರೆಯುವುದಿಲ್ಲ.

ಮರುದಿನವೇ ಕೂತೆ. ಕರೆಂಟು ಬಂದಾಗ ಬರೆದೆ, ಹೋಗುವ ಮುಂಚೆ ಉಳಿಸಿದೆ. ಬರೆದದ್ದನ್ನು ಆಗಾಗ ಉಳಿಸಿ ಎಂದು ಕೈಪಿಡಿಯಲ್ಲೂ ಇದೆ, ಆದರೆ ಶಹಾಬಾದಿನ ಕರೆಂಟಿನಷ್ಟು ಶಿಸ್ತಾಗಿ ಯಾವ ಗುರುವೂ ಅದನ್ನು ಕಲಿಸಲಾರ. ಹೊಸ ಪ್ರೋಗ್ರಾಮು ಹೀಗೆ ನಡೆಯುತ್ತಿತ್ತು: ಛಾಪಿಸ್ಲೇನ್ರಿ? ಎನ್. ಹಂಗಂದ್ರ ಹ್ಯಾಂಗ್ರಿ, ಒಂದೇ ಪ್ರತಿ? ಎನ್. ನನ್ನಾಣಿ ಅದ, ಬ್ಯಾಡ ಅನಬ್ಯಾಡ್ರಿ! ಇಲ್ಲಿಗೆ ಬಂದ ಮೇಲೆ ಏನು ಒತ್ತಿದರೂ, ಏನೂ ಒತ್ತದೆ ಕೂತರೂ, ಪ್ರಿಂಟರು ಕಿರ್ರೆಂದು ಶುರು. ಯಾರೂ ಏನೂ ಹೇಳದಿದ್ದಾಗ ಯಂತ್ರ ತಾನಾಗಿ ಹಿಡಿಯುವ ಉತ್ತರ ಒಂದಿರುತ್ತದಲ್ಲ, ಅದನ್ನು ಆರಿಸುವುದೇ ನಮ್ಮ ಕಸುಬಿನ ಅತಿ ಸೂಕ್ಷ್ಮ ಕೆಲಸ. ಬಳಸುವವರು ಬಹಳ ಸಲ ಬಯಸುವುದು ಏನೋ ಅದೇ ಆಗಿರಬೇಕು. ಅಳಿಸುವಂಥ ಅಪಾಯದ ಕೆಲಸಕ್ಕೆ ಮಾತ್ರ ಸುಮ್ಮನಿರುವುದೇ ಉತ್ತರವಾಗಿರಬೇಕು.

ಒಂದು ತೊಡಕು ಉಳಿಯಿತು. ನಿಜವಾಗಿಯೂ ಬೇಡ ಎನ್ನುವವರು ಏನು ಮಾಡಬೇಕು? ಇದನ್ನು ಶರಣಪ್ಪನವರನ್ನೇ ಕೇಳಿದೆ. ಅವರು ಗಂಭೀರವಾಗಿ ಯೋಚಿಸಿ, "ಖರೇ ಬ್ಯಾಡಾದವ ಮಾತಾಡಂಗಿಲ್ರಿ. ಎದ್ದು ಚಪ್ಪಲಿ ಮೆಟ್ಕೋತಾನ," ಎಂದರು. ಕೀಲಿಗಳ ಹಲಗೆಯ ಮೇಲಿನ ಎಡ ಮೂಲೆಯಲ್ಲಿ, ಎಲ್ಲದರಿಂದ ತಪ್ಪಿಸಿಕೊಳ್ಳಲೆಂದೇ ಎಸ್ಕೇಪ್ ಎಂಬ ಒಂದು ಕೀಲಿ ಇದೆ. ಅದನ್ನು ಒತ್ತಿದರೆ ಯಂತ್ರ "ಹೋಗಿ ಬರ್ರಿ" ಎಂದು ಬಿಟ್ಟುಕೊಡುವ ಹಾಗೆ ಮಾಡಿದೆ. ಅಂದಿನಿಂದ ನಮ್ಮ ಸಂಘದಲ್ಲಿ ಆ ಕೀಲಿಯ ಹೆಸರೇ ಚಪ್ಪಲಿ ಎಂದಾಯಿತು. "ಬಾಯಿ, ತಪ್ಪಾಗ್ಯಾದ, ಚಪ್ಪಲಿ ಒತ್ಲೇನ್ರಿ?" ಎಂದು ದೊಡ್ಡ ದೊಡ್ಡ ಸಾಹುಕಾರರು ಕೇಳುತ್ತಿದ್ದರು, ಹೊರಗಿನವರು ಹೌಹಾರುತ್ತಿದ್ದರು.

ದೀಪಾವಳಿ ಅಮಾವಾಸ್ಯೆ. ಯಂತ್ರಕ್ಕೆ ಚೆಂಡುಹೂವಿನ ಸರ, ಕುಂಕುಮ, ಊದಿನಕಡ್ಡಿ. ಶರಣಪ್ಪನವರು ಅಳತೆ ತುಂಬಿ, ಸಭೆಯ ಕಡೆ ಒಮ್ಮೆ ತಿರುಗಿ ನೋಡಿ, ದೊಡ್ಡಸ್ತಿಕೆಯಿಂದ ಎನ್ ಒತ್ತಿದರು. ಯಂತ್ರ ಹಂಗಂದ್ರ ಹ್ಯಾಂಗ್ರಿ ಎಂದಿತು. ಮಹಬೂಬ್ ಸಾಹೇಬರು ವಾಹ್ ಎಂದರು. ಮತ್ತೆ ಎನ್. ನನ್ನಾಣಿ ಅದ! ಪ್ರಿಂಟರು ಹಾಡತೊಡಗಿತು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕಡಿಮೆ ಮಾತಿನ ಮಲ್ಲಣ್ಣನವರು ಮೀಸೆಯೊಳಗೆ ನಕ್ಕು, "ಈಗ ಮನುಷ್ಯಾರಂಗ ಕೇಳಾಕತ್ತದ. ಇರ್ಲಿ ಮಷೀನು," ಎಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಚಂದಾಪುರದ ವರ ಬಾಸಿಂಗ ಬಿಚ್ಚಿಟ್ಟು ಆಫೀಸಿಗೆ ಹೊರಟುಹೋದ.

ಆಗ ಮಲ್ಲಣ್ಣನವರು ನನ್ನ ಕಡೆ ತಿರುಗಿದರು. "ಬಾಯಿ, ಮುಂದೂ ನೀವೇ ಇದನ್ನ ನೋಡ್ಕೊಂಡು ಇರ್ತೀರೇನ್ರಿ? ಕಾಯಂ?"

ನನ್ನ ಬಾಯಿಂದ ಬಂದ ಮಾತು ಏನು ಗೊತ್ತೇ? "ಅಯ್ಯ, ನನಗ್ಯಾಕ್ರಿ, ಬ್ಯಾಡ್ರಿ."

ನಾನು ಹೇಳಲಿಲ್ಲ, ಅದು ತಾನಾಗಿಯೇ ಬಂತು! ಸಂಘದವರೆಲ್ಲರ ಸೆಟ್ಟಿಂಗು ತಿರುಗಿಸಿದ್ದ ನನ್ನೊಳಗೆ ನನ್ನವ್ವ ತೊಟ್ಟಿಲಲ್ಲೇ ಹಾಕಿಟ್ಟ ಸೆಟ್ಟಿಂಗು ಹಾಗೆಯೇ ಕೂತಿತ್ತು. ಇರಲಿ, ಇನ್ನೊಮ್ಮೆ ಕೇಳುತ್ತಾರೆ ಎಂದು ಸೆರಗಿನ ಚುಂಗು ತಿರುವುತ್ತ ನಿಂತೆ. ಅಷ್ಟರಲ್ಲಿ ಹೊರಗೆ ಯಾರೋ ಅಧ್ಯಕ್ಷರಿಗೆ ಗುಲಬರ್ಗಾದ ಫೋನು ಬಂದಿದೆ ಎಂದು ಕೂಗಿದರು. ಮಲ್ಲಣ್ಣನವರು ಎದ್ದರು. ಬಾಗಿಲ ಹತ್ತಿರ ಹೋದರು. ಒಂದು ಕಾಲು ಚಪ್ಪಲಿಯೊಳಗೆ ಹೋಯಿತು. ಇನ್ನೊಂದು ಕಾಲೂ ಒಳಗೆ ಹೋದರೆ ಮಾತು ಮುಗಿಯಿತು!

"ಸಾಹುಕಾರ್ರೇ, ಮತ್ತ ಕೇಳ್ರಿ!" ಎಂದು ಕಿರುಚಿದೆ.

ಸಭೆಯಲ್ಲಿ ನಗು ಎದ್ದಿತು, ಪ್ರಿಂಟರಿನ ಸದ್ದು ಮುಚ್ಚುವಷ್ಟು. ಮಲ್ಲಣ್ಣನವರು ಒಂಟಿ ಚಪ್ಪಲಿಯಲ್ಲೇ ತಿರುಗಿ ನಿಂತು, ಬಹಳ ಗಂಭೀರವಾಗಿ ಕೇಳಿದರು: "ಹಂಗಂದ್ರ ಹ್ಯಾಂಗ್ರಿ ಬಾಯಿ, ಇರ್ತೀರೇನ್ರಿ?"

"ಇರ್ತೀನ್ರಿ!" ಎಂದೆ, ಅವರ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ.

ಬೇಕಾದದ್ದನ್ನು ಬೇಕು ಎನ್ನಲು ಮನುಷ್ಯರಿಗೂ ಸ್ವಲ್ಪ ಒಳಗಿನ ತಿದ್ದುಪಡಿ ಬೇಕಾಗುತ್ತದೆ. ಮೂಲವನ್ನು ಕೆಡಿಸದೆ, ಒಂದು ಸಲಕ್ಕೆ ಒಂದೇ. ನನ್ನ ಮೊದಲ ತಿದ್ದುಪಡಿಯನ್ನು ಅಂದೇ ಪರೀಕ್ಷಿಸಿದೆ. ಗದ್ದಲ ಇಳಿದ ಮೇಲೆ ಶರಣಪ್ಪನವರು ಬಂದು, "ಚಾ ತರಸ್ಲೇನ್ರಿ?" ಎಂದರು. ತರಸ್ರಿ ಎಂದೆ, ಮೊದಲ ಕೇಳಿಕೆಗೇ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಮೇಲಿದ್ದ ಗೌರವ ಅಂದು ಅವರಿಗೆ ಸ್ವಲ್ಪ ಕಡಿಮೆಯಾಗಿರಬೇಕು, ಆದರೆ ಚಹಾ ಬಿಸಿಯಾಗಿ ಬಂತು.